ಗಂಡ-ಹೆಂಡತಿ ಇಬ್ಬರೂ ಹಕ್ಕಿಗಳ ಕೆಲಸಕ್ಕೆ ಹೋಗಬಹುದೇ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಹಳ್ಳಿಯವರು. ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ. ನಾನು ಶಾಲೆಯಲ್ಲಿ ಟೀಚರ್ ಆಗಿದ್ದೆ, ಅವಧಿಗೆ ಮೊದಲೇ ಬಿಟ್ಟೆ. ಮಕ್ಕಳು ಹೊರಗಿದ್ದಾರೆ. ಇಬ್ಬರಿಗೂ ಹಕ್ಕಿ ಅಂದರೆ ಪ್ರಾಣ. ಯಾವುದಾದರೂ ಪಕ್ಷಿ ಸಂರಕ್ಷಣಾ ಕೇಂದ್ರದಲ್ಲಿ ಎರಡು-ಮೂರು ತಿಂಗಳು ಸ್ವಯಂಸೇವಕರಾಗಿ ಜೊತೆಯಲ್ಲೇ ಇದ್ದು, ಗಾಯಗೊಂಡ ಹಕ್ಕಿ, ಅನಾಥ ಮರಿಗಳನ್ನು ನೋಡಿಕೊಳ್ಳಬೇಕು ಅಂತ ಆಸೆ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೆ ಓದಿದವರೇ ಬೇಕು, ನಿಮ್ಮನ್ನು ಹಿಕ್ಕೆ ಬಳಿಯಲು ಹಾಕುತ್ತಾರೆ, ಹಕ್ಕಿ ಜ್ವರ ಬರುತ್ತದೆ ಅಂತೆಲ್ಲ. ಒಂದು ಕಡೆ ವಿಚಾರಿಸಿದರೆ ದುಡ್ಡು ಕಟ್ಟಿ ಅಂದರು, ಮರಿಗಳನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು ಅಂತಲೂ ಹೇಳಿದರು. ಯಜಮಾನರಿಗೆ ಸ್ವಲ್ಪ ಉಬ್ಬಸವಿದೆ. ನಮ್ಮದು ಮಾಂಸ ಮುಟ್ಟದ ಮನೆ. ಇನ್ನೊಂದು ವಿಷಯ. ಹೋದ ಬೇಸಿಗೆಯಲ್ಲಿ ತೋಟದಲ್ಲಿ ಒಂದು ಪಿಕಳಾರದ ಮರಿ ಬಿದ್ದಿತ್ತು. ಒಳಗೆ ತಂದು ಹಾಲು, ಅನ್ನ ಕೊಟ್ಟೆವು. ಉಳಿಯಲಿಲ್ಲ. ನಾವು ಮುಟ್ಟಿದ್ದರಿಂದ ತಾಯಿ ಬರಲಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ಮನಸ್ಸನ್ನು ಕೊರೆಯುತ್ತಿರುವುದು ಕೊನೆಯದೇ ಅನ್ನಿಸಿತು. ಅದರಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಆ ಮರಿಯಲ್ಲೇ ಇದೆ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ನಿಜವಲ್ಲ. ನಮ್ಮ ಸುತ್ತಲಿನ ಹಕ್ಕಿಗಳು ಮರಿಯನ್ನು ಕಣ್ಣು, ಕಿವಿಯಿಂದ ಗುರುತಿಸುತ್ತವೆ. ನಮ್ಮ ಕೈಯ ವಾಸನೆ ಹತ್ತಿದೆ ಅಂತ ಬಿಟ್ಟು ಹೋಗುವುದಿಲ್ಲ. ತಾಯಿ ಬರಲಿಲ್ಲ ಅಂತ ನಿಮಗೆ ಅನ್ನಿಸಿದ್ದಕ್ಕೆ ಕಾರಣ ಬೇರೆ. ಮರಿ ಮನೆಯೊಳಗಿತ್ತು. ತಾಯಿ ತೋಟದಲ್ಲಿ ಹುಡುಕುತ್ತಿತ್ತು.

ಪಿಕಳಾರದ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿಯುತ್ತವೆ. ಕೆಲವು ದಿನ ಗಿಡದ ಬುಡ, ಬೇಲಿ ಸಂದಿಯಲ್ಲಿ ಕುಪ್ಪಳಿಸಿಕೊಂಡು ಇರುತ್ತವೆ. ಅಪ್ಪ, ಅಮ್ಮ ಎರಡೂ ಅಲ್ಲಿಗೇ ಬಂದು ಹುಳ ಕೊಡುತ್ತವೆ. ನೋಡುವವರಿಗೆ ಅದು ಬಿದ್ದ ಮರಿ, ಅನಾಥ ಮರಿ. ಬೇಸಿಗೆಯಲ್ಲಿ ಜನ ನಮ್ಮಂಥ ಪಶುವೈದ್ಯರ ಕೈಗೆ ತಂದು ಕೊಡುವ ಮರಿಗಳಲ್ಲಿ ಇಂಥವೇ ಜಾಸ್ತಿ. ಮೈತುಂಬ ಗರಿ ಬಂದು, ಕೊಂಬೆ ಹಿಡಿದು ಕೂರುವಂತಿದ್ದರೆ ಅದನ್ನು ಹತ್ತಿರದ ಪೊದೆ ಮೇಲೆ ಕೂರಿಸಿ, ಬೆಕ್ಕು-ನಾಯಿ ಬರದಂತೆ ನೋಡಿಕೊಂಡು ದೂರ ಸರಿಯಬೇಕು. ಗರಿಯೇ ಬಂದಿಲ್ಲ, ಚರ್ಮ ಕಾಣುತ್ತಿದೆ ಅಂದರೆ ಗೂಡಿಗೇ ವಾಪಸ್ ಇಡಬೇಕು. ಗೂಡು ಕಿತ್ತುಹೋಗಿದ್ದರೆ ಒಂದು ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಗಿಡಕ್ಕೆ ಕಟ್ಟಿ. ಆಮೇಲೆ ಕಾಣದ ಹಾಗೆ ನಿಂತು ಒಂದೆರಡು ಗಂಟೆ ನೋಡಿ. ಬಹಳ ಸಲ ತಾಯಿ ಬಂದೇ ಬರುತ್ತದೆ.

ಹಾಲಿನ ವಿಷಯ. ಹಕ್ಕಿಗೆ ಹಾಲು ಅರಗುವುದಿಲ್ಲ, ಭೇದಿಯಾಗಿ ಮೈಯ ನೀರು ಇಳಿದುಹೋಗುತ್ತದೆ. ಅನ್ನದಲ್ಲಿ ಮರಿ ಬೆಳೆಯಲು ಬೇಕಾದ ಸತ್ವವಿಲ್ಲ. ದೊಡ್ಡ ಪಿಕಳಾರ ಹಣ್ಣು ತಿಂದರೂ ಮರಿಗೆ ಮುಖ್ಯವಾಗಿ ತರುವುದು ಹುಳ, ಹುಪ್ಪಟೆ. ಇನ್ನೂ ದೊಡ್ಡ ಅಪಾಯ ಹನಿ ಹನಿಯಾಗಿ ಬಾಯಿಗೆ ಬಿಡುವುದು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಅಲ್ಲಿ ಬಿದ್ದ ಹನಿ ಸೀದಾ ಒಳಗಿಳಿಯುತ್ತದೆ. ಮರಿ ಹೊಟ್ಟೆ ಹಸಿವಿನಿಂದ ಸಾಯುವುದಕ್ಕಿಂತ ಮೊದಲೇ ಹಾಗೆ ಸಾಯಬಹುದು. ಮರಿ ತಣ್ಣಗಾಗಿದ್ದರೆ ಏನೂ ತಿನ್ನಿಸಬಾರದು. ರಟ್ಟಿನ ಡಬ್ಬಿಗೆ ತೂತು ಮಾಡಿ, ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಬೇಕು. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಚೇರಿಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಅನುಮತಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆರೈಕೆಗೆ ಅಂತ ಇಟ್ಟುಕೊಂಡರೂ ಅಷ್ಟೇ.

ನೀವು ಪ್ರೀತಿಯಿಂದ ಮಾಡಿದಿರಿ. ಆ ಮರಿಯ ಬಗ್ಗೆ ಇಷ್ಟು ದಿನ ಯೋಚಿಸಿದ್ದೀರಿ. ಇಂಥವರೇ ಈ ಕೆಲಸಕ್ಕೆ ಬೇಕು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗಾಯಗೊಂಡ ಕಾಡುಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಕೇಂದ್ರದಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನು ನಾನು. ಅಲ್ಲಿಗೆ ಬರುವ ಹೊಸಬರೆಲ್ಲರ ಆಸೆಯೂ ನಿಮ್ಮದೇ. ಮರಿಯನ್ನು ಕೈಯಲ್ಲಿಟ್ಟುಕೊಂಡು ಗುಟುಕು ಕೊಡಬೇಕು. ಒಳ್ಳೆಯ ಕೇಂದ್ರದಲ್ಲಿ ಆ ಕೆಲಸ ಹೊಸಬರಿಗೆ ಸಿಗುವುದಿಲ್ಲ. ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ.

ಮರಿಹಕ್ಕಿ ಕಣ್ಣು ಬಿಟ್ಟ ಮೇಲೆ ತಾನು ಯಾರು, ತನ್ನವರು ಯಾರು ಅನ್ನುವುದನ್ನು ಕಲಿಯುತ್ತದೆ. ಆ ದಿನಗಳಲ್ಲಿ ಊಟ ಕೊಡುವ ಮುಖ ಮನುಷ್ಯರದ್ದಾದರೆ ಅದು ಮನುಷ್ಯರನ್ನೇ ತನ್ನವರು ಅಂದುಕೊಳ್ಳುತ್ತದೆ. ಹದ್ದು, ಗೂಬೆಗಳಲ್ಲಿ ಇದು ಬಹಳ ಗಟ್ಟಿ. ಅಂಥ ಹದ್ದನ್ನು ಬಿಟ್ಟರೆ ಊರಿಗೆ ಬಂದು ಜನರ ಮೇಲೆ ಎರಗಿ ಊಟ ಕೇಳುತ್ತದೆ. ಯಾರೋ ಹೆದರಿ ಕಲ್ಲಿನಿಂದ ಹೊಡೆಯುತ್ತಾರೆ. ಅಮೆರಿಕದಲ್ಲಿ ಅಳಿವಿನಂಚಿಗೆ ಹೋಗಿದ್ದ ವೂಪಿಂಗ್ ಕ್ರೇನ್ ಎಂಬ ಕೊಕ್ಕರೆಯ ಮರಿಗಳನ್ನು ಬೆಳೆಸುವಾಗ ಸಿಬ್ಬಂದಿ ಮೈಮುಖ ಮುಚ್ಚುವ ಬಿಳಿ ನಿಲುವಂಗಿ ತೊಟ್ಟು, ಕೊಕ್ಕರೆ ತಲೆಯ ಗೊಂಬೆಯನ್ನು ಕೈಗೆ ಹಾಕಿಕೊಂಡು ತಿನ್ನಿಸುತ್ತಿದ್ದರು. ಮಾತಾಡುವಂತಿರಲಿಲ್ಲ. ನಮ್ಮಲ್ಲಿ ಅಷ್ಟೆಲ್ಲ ಇರುವುದಿಲ್ಲ. ಆದರೆ ಮರಿಯ ಕೋಣೆಗೆ ಹೋಗುವವರನ್ನು ಕಡಿಮೆ ಮಾಡುವುದು, ಒಂದೇ ಜಾತಿಯ ಮರಿಗಳನ್ನು ಒಟ್ಟಿಗೆ ಇಡುವುದು, ಹತ್ತಿರ ನಿಂತು ಮಾತಾಡದೆ ಇರುವುದು, ಇವು ಎಲ್ಲ ಕಡೆಯ ನಿಯಮ.

ಹಾಗಾದರೆ ಸ್ವಯಂಸೇವಕರ ಕೆಲಸ ಏನು? ಹಿಕ್ಕೆ ಬಳಿಯುವುದು ಅಂತ ನಿಮ್ಮ ನೆಂಟರು ಅಂದದ್ದು ಸರಿಯೇ. ಅದರಲ್ಲಿ ಕೀಳೇನಿಲ್ಲ. ಬೆಳಗ್ಗೆ ಪಂಜರದ ತಳದ ಪೇಪರ್ ತೆಗೆಯುವಾಗಲೇ ನಾವು ಹಕ್ಕಿಯ ಆರೋಗ್ಯ ಓದುವುದು. ಹಿಕ್ಕೆಯಲ್ಲಿ ಗಟ್ಟಿ ಭಾಗ, ಬಿಳಿ ಭಾಗ, ನೀರಿನ ಭಾಗ ಬೇರೆ ಬೇರೆ ಇರಬೇಕು. ಬಿಳಿ ಭಾಗ ಹಸಿರು ತಿರುಗಿದರೆ ಯಕೃತ್ತಿನ ಮೇಲೆ ಅನುಮಾನ. ಗಟ್ಟಿ ಭಾಗವೇ ಇಲ್ಲ ಅಂದರೆ ಹಕ್ಕಿ ಸರಿಯಾಗಿ ತಿಂದಿಲ್ಲ. ಅದನ್ನು ಗಮನಿಸಿ ಬರೆದಿಡುವ ಸ್ವಯಂಸೇವಕಿ ಒಬ್ಬರಿದ್ದರೆ ವೈದ್ಯರ ಅರ್ಧ ಕೆಲಸ ಮುಗಿಯಿತು.

ಉಳಿದದ್ದು ಪಪ್ಪಾಯಿ, ಬಾಳೆಹಣ್ಣು ಹೆಚ್ಚುವುದು, ಹುಳ ತೂಗಿ ಇಡುವುದು, ಟವೆಲ್ ಒಗೆಯುವುದು, ಫೋನ್ ತೆಗೆದುಕೊಳ್ಳುವುದು. ಮರಿಗಳ ಕಾಲದಲ್ಲಿ ಸಣ್ಣ ಹುಳ ತಿನ್ನುವ ಜಾತಿಗಳಿಗೆ ಬೆಳಗಿನಿಂದ ಸಂಜೆವರೆಗೆ ಅರ್ಧ ಗಂಟೆಗೊಮ್ಮೆ ಗುಟುಕು ಬೇಕು. ಹಾಗಾಗಿ ಅಡುಗೆಮನೆ ಒಂದು ನಿಮಿಷ ಖಾಲಿ ಇರುವುದಿಲ್ಲ. ಓದಿದವರೇ ಬೇಕು ಅನ್ನುವುದು ಇಲ್ಲಿಗೆ ಬಿತ್ತು. ಬೇಕಿರುವುದು ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುವವರು. ನಿಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು. ಕೇಂದ್ರಗಳಲ್ಲಿ ದಾಖಲೆ ಪುಸ್ತಕ, ಔಷಧದ ಸ್ಟಾಕ್, ಖರ್ಚಿನ ಲೆಕ್ಕ ಸದಾ ಹಿಂದೆ ಬಿದ್ದಿರುತ್ತವೆ. ಟೀಚರ್ ಆಗಿದ್ದ ನೀವು ಶಾಲೆಗಳಿಗೆ ಹೋಗಿ ಮಕ್ಕಳಿಗೆ ಹೇಳಬಹುದು. ಅರ್ಜಿಯಲ್ಲಿ ಹಕ್ಕಿ ಪ್ರೀತಿಗಿಂತ ಮೊದಲು ಇದನ್ನು ಬರೆಯಿರಿ.

ದುಡ್ಡಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಊಟ, ವಸತಿಗೆ ಅಂತ ಖರ್ಚು ಕೇಳುವುದು ತಪ್ಪಲ್ಲ. ಎಷ್ಟೋ ಒಳ್ಳೆಯ ಸಂಸ್ಥೆಗಳು ಕೇಳುತ್ತವೆ. ಆದರೆ ಮರಿ ಹಿಡಿದು ಫೋಟೋ ಅಂತ ಹೇಳಿದರಲ್ಲ, ಅಲ್ಲಿಗೆ ಹೋಗಲೇಬೇಡಿ. ಹಿಡಿದ ಕಾಡುಹಕ್ಕಿ ಸುಮ್ನೆ ಕೂತಿದೆ ಅಂದರೆ ಅದಕ್ಕೆ ಖುಷಿಯಾಗಿದೆ ಅಂತಲ್ಲ, ಹೆದರಿ ಮರಗಟ್ಟಿದೆ. ಬರೀ ಆ ಹೆದರಿಕೆಯಿಂದಲೇ ಹಕ್ಕಿ ಸತ್ತದ್ದನ್ನು ನೋಡಿದ್ದೇನೆ. ಒಳ್ಳೆಯ ಕೇಂದ್ರವನ್ನು ಗುರುತಿಸುವುದು ಕಷ್ಟವಲ್ಲ. ಅರಣ್ಯ ಇಲಾಖೆಯ ಅನುಮತಿ ಪತ್ರ ತೋರಿಸುತ್ತಾರೆ. ಪಶುವೈದ್ಯರು ಇರುತ್ತಾರೆ. ಎಷ್ಟು ಬಂದವು, ಎಷ್ಟು ಬಿಟ್ಟೆವು, ಎಷ್ಟು ಸತ್ತವು ಅಂತ ಕೇಳಿದರೆ ಮೂರಕ್ಕೂ ಉತ್ತರ ಕೊಡುತ್ತಾರೆ. ಚಿಕಿತ್ಸೆಯ ಕೋಣೆಗೆ ನೋಡುಗರನ್ನು ಬಿಡುವುದಿಲ್ಲ. ನಿಮಗೆ ಟಿಟಿ ಇಂಜೆಕ್ಷನ್ ಆಗಿದೆಯೇ ಅಂತ ಅವರೇ ಕೇಳುತ್ತಾರೆ. ಒಂದು ವಾರಕ್ಕೆ ಬರುತ್ತೇವೆ ಅಂದರೆ ಬೇಡ ಅನ್ನುತ್ತಾರೆ. ಕಲಿಸುವುದರೊಳಗೆ ನೀವು ಹೊರಟಿರುತ್ತೀರಿ, ಅದಕ್ಕೆ.

ಮಾಂಸದ ಪ್ರಶ್ನೆಯನ್ನು ಮುಚ್ಚಿಡದೆ ಕೇಳಿದ್ದು ಒಳ್ಳೆಯದಾಯಿತು. ಹದ್ದು, ಗೂಬೆ, ಗಿಡುಗ ಇರುವ ಕಡೆ ಸತ್ತ ಕೋಳಿಮರಿ, ಇಲಿ, ಹಸಿ ಮಾಂಸ ಮುಟ್ಟಲೇಬೇಕು. ಪುಡಿ ಮಾಡಿದ ಮಾಂಸ ಸಾಲದು, ಮೂಳೆ, ಚರ್ಮ, ಕೂದಲು ಸಮೇತ ಬೇಕು. ಆಗದು ಅಂದರೆ ಮೊದಲೇ ಹೇಳಿ. ಹಣ್ಣು-ಕಾಳು ತಿನ್ನುವ ಹಕ್ಕಿಗಳ ವಿಭಾಗ ಕೊಡುತ್ತಾರೆ, ಅಥವಾ ಕಚೇರಿ ಕೆಲಸ ಕೊಡುತ್ತಾರೆ. ಅಲ್ಲಿಗೆ ಹೋಗಿ ಮೂರನೇ ದಿನ ಹೇಳಿದರೆ ಎಲ್ಲರಿಗೂ ಕಷ್ಟ. ಹುಳಕ್ಕೂ ನಿಮ್ಮ ಮನಸ್ಸು ಒಪ್ಪುತ್ತದೆಯೇ ಅಂತ ಮನೆಯಲ್ಲೇ ಮಾತಾಡಿಕೊಳ್ಳಿ. ಪಿಕಳಾರದ ಮರಿಗೂ ಹುಳವೇ ಬೇಕು.

ಇನ್ನು ಜೊತೆಯಲ್ಲಿ ಇರುವುದು. ಜೋಡಿಯಾಗಿ ಬರುವವರನ್ನು ಕೇಂದ್ರಗಳು ಬೇಡ ಅನ್ನುವುದಿಲ್ಲ. ಆದರೆ ಒಂದೇ ಪಾಳಿ, ಒಂದೇ ಕೋಣೆ ಅಂತ ನಿರೀಕ್ಷಿಸಬೇಡಿ. ವಸತಿ ಹೆಚ್ಚಾಗಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕೆಲಸವನ್ನೂ ಬೇರೆ ಮಾಡುತ್ತಾರೆ. ಇಬ್ಬರೂ ಒಂದೇ ವಿಭಾಗದಲ್ಲಿದ್ದು ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ಊರಿಗೆ ಹೊರಡುತ್ತಾರೆ. ಮರುದಿನ ಬೆಳಗ್ಗೆ ಆ ವಿಭಾಗಕ್ಕೆ ಜನವೇ ಇರುವುದಿಲ್ಲ. ಇನ್ನೊಂದನ್ನೂ ನೋಡಿದ್ದೇನೆ. ಆಸೆ ಒಬ್ಬರದ್ದು, ಇನ್ನೊಬ್ಬರು ಸುಮ್ನೆ ಜೊತೆಗೆ ಬಂದವರು. ಎರಡನೇ ವಾರಕ್ಕೆ ಮುಖ ಬಾಡುತ್ತದೆ. ನಿಮ್ಮಲ್ಲಿ ಹಾಗಿಲ್ಲ ಅಂತ ಪತ್ರ ಹೇಳುತ್ತದೆ. ಆದರೂ ಯಜಮಾನರು ಒಂದು ಸಾಲು ಸ್ವತಃ ಬರೆದಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಉಬ್ಬಸ ಅವರದ್ದು. ನಿಮ್ಮ ನೆಂಟರು ಹಕ್ಕಿ ಜ್ವರಕ್ಕೆ ಹೆದರುತ್ತಾರೆ, ನಾನು ಜಾಸ್ತಿ ಹೆದರುವುದು ಇದಕ್ಕೆ. ಹಕ್ಕಿಯ ಗರಿಯ ಪುಡಿ, ಒಣಗಿದ ಹಿಕ್ಕೆಯ ದೂಳು ದಿನವೂ ಒಳಗೆ ಹೋದರೆ ಕೆಲವರ ಶ್ವಾಸಕೋಶ ಅದರ ವಿರುದ್ಧ ತಿರುಗಿ ಬೀಳುತ್ತದೆ. ಪಾರಿವಾಳ ಸಾಕುವವರಲ್ಲಿ ಈ ಕಾಯಿಲೆ ಗೊತ್ತಿರುವಂಥದ್ದೇ. ಮೊದಲು ಒಣಕೆಮ್ಮು, ಸುಸ್ತು. ಆಮೇಲೆ ಶ್ವಾಸಕೋಶ ಗಟ್ಟಿಯಾಗಿಬಿಟ್ಟರೆ ಮೊದಲಿನಂತಾಗುವುದಿಲ್ಲ. ಉಬ್ಬಸ ಇರುವವರು ಮುಚ್ಚಿದ ಪಂಜರದ ಕೋಣೆಯಲ್ಲಿ ಕೆಲಸ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಎನ್ 95 ಮಾಸ್ಕ್ ಹಾಕಿದರೂ ಅಷ್ಟೇ. ಮೊದಲು ಎದೆರೋಗದ ವೈದ್ಯರನ್ನು ಕಂಡು, ಹಕ್ಕಿಗಳ ನಡುವೆ ಇರಬೇಕೆಂದಿದ್ದೇನೆ ಅಂತ ಬಿಡಿಸಿ ಹೇಳಲಿ.

ಹಕ್ಕಿ ಜ್ವರ ಮನುಷ್ಯರಿಗೆ ತಗಲುವುದು ಅಪರೂಪ. ತಗಲಿದರೆ ಮಾತ್ರ ಗಂಭೀರ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಕಡೆ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ. ಗಿಳಿ ಜಾತಿಯ ಹಕ್ಕಿಗಳಿಂದ ಸಿಟಾಕೋಸಿಸ್ ಅನ್ನುವ ನ್ಯುಮೋನಿಯಾ ಬರಬಹುದು. ಅದಕ್ಕೆ ಔಷಧವಿದೆ, ಆದರೆ ಹಕ್ಕಿಗಳ ಜೊತೆ ಇದ್ದೆ ಅಂತ ವೈದ್ಯರಿಗೆ ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಇಷ್ಟೆಲ್ಲ ನೋಡಿದರೆ ನಿಮ್ಮ ಮುಂದೆ ಯಾವ ದಾರಿಗಳಿವೆ? ಪಕ್ಷಿ ಸಂರಕ್ಷಣಾ ಕೇಂದ್ರ ಅಂತ ಜನ ಕರೆಯುವುದರಲ್ಲಿ ಬೇರೆ ಬೇರೆ ಬಗೆಯಿವೆ. ಹರಿಯಾಣದ ಪಿಂಜೋರ್‌ನಲ್ಲಿ ರಣಹದ್ದುಗಳದ್ದು ಇದೆಯಲ್ಲ, ಅಂಥವು ತಳಿ ಉಳಿಸುವ ಕೇಂದ್ರಗಳು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧದಿಂದ ರಣಹದ್ದುಗಳು ಸಾಲು ಸಾಲಾಗಿ ಸತ್ತ ಮೇಲೆ ಹುಟ್ಟಿದ ಕೆಲಸ ಅದು. ಪಶುಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಲ್ಲಿ ಹೊರಗಿನವರು ಹಕ್ಕಿಯ ಹತ್ತಿರ ಸುಳಿಯುವಂತಿಲ್ಲ, ಸುಳಿಯಲೂಬಾರದು. ಎರಡನೆಯದು ಚಿಕಿತ್ಸಾ ಕೇಂದ್ರ, ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯ ಥರದ್ದು. ಸ್ವಯಂಸೇವೆಯ ಬಗ್ಗೆ ಇಂಥ ಕಡೆ ವಿಚಾರಿಸಬಹುದು. ನಗರದಲ್ಲಿ ಇಂಥ ಕಡೆಗೆ ಗಾಳಿಪಟದ ಮಾಂಜಾ ದಾರದಿಂದ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಬರುತ್ತವೆ. ನೀವೊಬ್ಬರೇ ಒಳಗೆ, ಯಜಮಾನರು ಕಚೇರಿಯಲ್ಲಿ ಅಂತಾದರೆ ಇದು ಆಗುವ ಮಾತು. ಮೂರನೆಯದು ಪಕ್ಷಿಧಾಮ. ಅದು ನಿಮ್ಮ ಮನೆ ಬಾಗಿಲಲ್ಲೇ ಇದೆ.

ನನ್ನನ್ನು ಕೇಳಿದರೆ ಒಂದು ಮಳೆಗಾಲ ಗುಡವಿ ಪಕ್ಷಿಧಾಮದಲ್ಲಿ ಕೆಲಸ ಮಾಡಿ, ಆಮೇಲೆ ಬೆಂಗಳೂರಿನ ಯೋಚನೆ ಮಾಡಿ ಅನ್ನುತ್ತೇನೆ. ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ನೀರಿನಲ್ಲೇ ನಿಂತ ಮರಗಳ ಮೇಲೆ ಮಳೆಗಾಲ ಶುರುವಾದ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲೂ ಅಷ್ಟೇ. ಹೊಳೆ ಏರಿದಾಗ ಕೆಳಗಿನ ಕೊಂಬೆಯ ಗೂಡುಗಳು ಮುಳುಗುತ್ತವೆ. ಯಾವ ವಾರ ಎಷ್ಟು ಗೂಡಿತ್ತು, ಎಷ್ಟು ಉಳಿಯಿತು ಅನ್ನುವುದನ್ನು ವಾರ ಬಿಡದೆ ಬರೆಯುವವರು ಬೇಕು. ಎರಡು ತಿಂಗಳು ಬಂದು ಹೋಗುವ ದೂರದೂರಿನವರಿಂದ ಆಗದ ಕೆಲಸ ಇದು, ಸ್ಥಳೀಯರಿಂದಲೇ ಆಗಬೇಕು. ಇಲ್ಲಿ ಪಂಜರವಿಲ್ಲ, ಮುಚ್ಚಿದ ಕೋಣೆಯ ದೂಳಿಲ್ಲ, ಕೋಳಿಮರಿ ಕತ್ತರಿಸಬೇಕಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲೇ ಇರಬಹುದು. ಮೊದಲು ವಲಯ ಅರಣ್ಯಾಧಿಕಾರಿಗಳನ್ನು ಕಂಡು ಒಂದು ಪತ್ರ ಕೊಟ್ಟು ಅನುಮತಿ ತೆಗೆದುಕೊಳ್ಳಿ.

ಈ ಕೆಲಸದಲ್ಲಿ ಇಬ್ಬರಿರುವುದು ದೊಡ್ಡ ಅನುಕೂಲ. ಹೇಗೆ ಅಂತ ಹೇಳುತ್ತೇನೆ. ಒಂದು ಮರದ ಫೋಟೋ ತೆಗೆದು ಎರಡು ಪ್ರತಿ ಪ್ರಿಂಟ್ ಮಾಡಿಸಿ. ಒಬ್ಬರಿಗೊಬ್ಬರು ಹೇಳಿಕೊಡದೆ, ಕಂಡ ಗೂಡನ್ನೆಲ್ಲ ನಿಮ್ಮ ನಿಮ್ಮ ಪ್ರತಿಯಲ್ಲಿ ಗುರುತು ಹಾಕಿ. ಕೊನೆಗೆ ಎರಡನ್ನೂ ಹೋಲಿಸಿ. ನಿಮಗೆ 40 ಗೂಡು ಕಂಡವು, ಅವರಿಗೆ 36 ಅಂತಿಟ್ಟುಕೊಳ್ಳಿ. ಎರಡರಲ್ಲೂ ಇರುವ ಗೂಡು 32. ಇಬ್ಬರೂ ಸೇರಿ ಕಂಡದ್ದು 44. ಈಗ 40ನ್ನು 36ರಿಂದ ಗುಣಿಸಿ 32ರಿಂದ ಭಾಗಿಸಿ, 45 ಬರುತ್ತದೆ. ಅಂದರೆ ಇಬ್ಬರ ಕಣ್ಣಿಗೂ ತಪ್ಪಿದ ಗೂಡು ಒಂದು ಇರಬಹುದು ಅಂತ ಅಂದಾಜು. ಒಬ್ಬರೇ ಎಣಿಸಿದರೆ ಎಷ್ಟು ತಪ್ಪಿಹೋಯಿತು ಅಂತ ಹೇಳಲು ದಾರಿಯೇ ಇಲ್ಲ. ಸಂಶೋಧಕರು ಬಳಸುವ ವಿಧಾನವೇ ಇದು. ಬ್ಯಾಂಕಿನವರಿಗೆ ಈ ಲೆಕ್ಕ ಕಷ್ಟವಾಗದು.

ಬರೆದದ್ದನ್ನು ಇ-ಬರ್ಡ್‌ಗೆ ಹಾಕಿ, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಅದು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳ ಬಗ್ಗೆ ಹೇಳಿದ್ದು ಇಂಥ ಪಟ್ಟಿಗಳಿಂದಲೇ. 30 ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಕೊಟ್ಟ ಸುಮಾರು 3 ಕೋಟಿ ದಾಖಲೆ ಅದರ ಹಿಂದಿದೆ. ಜನವರಿಯಲ್ಲಿ ನೀರುಹಕ್ಕಿಗಳ ಏಷ್ಯಾ ಗಣತಿ ಇರುತ್ತದೆ, 1987ರಿಂದ ನಡೆದು ಬಂದದ್ದು. ನಿಮ್ಮೂರಿನ ಕೆರೆಯನ್ನೂ ಅದಕ್ಕೆ ಸೇರಿಸಬಹುದು.

ಇಲ್ಲಿನ ಅಪಾಯವನ್ನೂ ಹೇಳಬೇಕು. ಮಳೆಗಾಲದಲ್ಲಿ ಉಂಬಳ ಕಚ್ಚಿದರೆ ತುರಿಕೆ ಅಷ್ಟೇ. ಮಳೆ ನಿಂತ ಮೇಲಿನದು ಬೇರೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ. 2019ರಲ್ಲಿ ಅದೇ ಕಾಯಿಲೆ ಹಬ್ಬಿ ಅರಳಗೋಡಿನಲ್ಲಿ ಆದದ್ದನ್ನು ಸಾಗರದವರಿಗೆ ನಾನು ಹೇಳಬೇಕಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿಗೆ ಹೋಗುವುದಾದರೆ ತುಂಬುತೋಳು, ಉದ್ದ ಕಾಲಿನ ಬಟ್ಟೆ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಬೇಕೇ ಬೇಕು. ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಮೈಮೇಲೆ ಉಣುಗು ಇದೆಯೇ ನೋಡಿಕೊಳ್ಳಿ. ಮಂಗ ಸತ್ತ ಸುದ್ದಿ ಬಂದ ಕಡೆ ಹೋಗಲೇಬೇಡಿ.

ತೋಟಕ್ಕೆ ಸೊಪ್ಪು ತರುವ ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಹಳೆಯ ಪೊಟರೆ ಮರ ಇದ್ದರೆ ಕಡಿಸಬೇಡಿ. ಮಂಗಟ್ಟೆ ಹಕ್ಕಿ ಅಂಥದ್ದನ್ನೇ ಹುಡುಕುತ್ತದೆ. ಹೆಣ್ಣು ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು, ಬರೀ ಒಂದು ಸೀಳು ಬಿಟ್ಟು ಕೂರುತ್ತದೆ. ಊಟವೆಲ್ಲ ಗಂಡು ತರಬೇಕು. ಮರದ ಬುಡದಲ್ಲಿ ಮನುಷ್ಯರನ್ನು ಕಂಡರೆ ಗಂಡು ಹಣ್ಣು ಬಾಯಲ್ಲಿಟ್ಟುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ. ನಾವು ಕ್ಯಾಮೆರಾ ಹಿಡಿದು ನಿಂತಷ್ಟು ಹೊತ್ತೂ ಒಳಗೆ ಉಪವಾಸ. ಫೋಟೋದ ಆಸೆ ಇದ್ದರೆ ಗೂಡನ್ನು ಬಿಟ್ಟು, ಹಣ್ಣು ಬಿಟ್ಟ ಬಸರಿ, ಗೋಳಿ ಮರದ ಹತ್ತಿರ ಕಾಯಿರಿ.

ಒಂದೇ ಒಂದು ಖರ್ಚು ಮಾಡಲೇಬೇಕು. ಬೈನಾಕ್ಯುಲರ್ 8×42 ಅಳತೆಯದ್ದು ತೆಗೆದುಕೊಳ್ಳಿ, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. ಮಳೆಗಾಲದ ಮಂಕು ಬೆಳಕಿಗೂ ಸಾಕಾಗುತ್ತದೆ, ಕೈ ಸ್ವಲ್ಪ ನಡುಗಿದರೂ ನೋಟ ಅಷ್ಟು ಅಲುಗುವುದಿಲ್ಲ. ಆದರೆ ಎರಡು ತೆಗೆದುಕೊಳ್ಳಿ. ಒಂದೇ ಇದ್ದರೆ ಮೇಲೆ ಹೇಳಿದ ಎಣಿಕೆ ಇಬ್ಬರಿಂದ ಒಂದೇ ಹೊತ್ತಿಗೆ ಆಗುವುದಿಲ್ಲ.